ಗಡಿಗೊಂದು ವೋಲ್ಟೇಜ್, ಎಲ್ಲಕ್ಕೂ ಒಂದೇ ಡೀಸೆಲ್

ವಿದ್ಯುತ್ ರೈಲು ಯುರೋಪಿಗೆ ಹೊಸತಲ್ಲದ 1950ರ ದಶಕದಲ್ಲಿ, ಅಲ್ಲಿನ ಅತಿ ಐಷಾರಾಮಿ ರೈಲುಗಳು ಡೀಸೆಲ್ ಕುಡಿದು ಓಡುತ್ತಿದ್ದವು. ಇದಕ್ಕೆ ಕಾರಣವನ್ನು ಹಳಿಯ ಮೇಲಿನ ತಂತಿಯಲ್ಲಿ ಹುಡುಕಬೇಕು. ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾದ ತಂತಿಗಳಲ್ಲಿ 15,000 ವೋಲ್ಟಿನ ಪರ್ಯಾಯ ವಿದ್ಯುತ್ (ಎಸಿ) ಹರಿಯುತ್ತಿತ್ತು. ನೆದರ್ಲೆಂಡ್ಸಿನಲ್ಲಿ 1,500 ವೋಲ್ಟಿನ ನೇರ ವಿದ್ಯುತ್ (ಡಿಸಿ), ಬೆಲ್ಜಿಯಂ ಮತ್ತು ಇಟಲಿಯಲ್ಲಿ 3,000 ವೋಲ್ಟಿನದು. ಫ್ರಾನ್ಸಿನೊಳಗೇ ಎರಡು ಬಗೆಯಿದ್ದವು. ತಂತಿಯೇ ಇಲ್ಲದ ಕಡೆ ಹಬೆ ಎಂಜಿನ್ನೇ ಗತಿ. ಹೀಗಾಗಿ ಗಡಿ ಬಂತೆಂದರೆ ಎಂಜಿನ್ ಬದಲಿಸಲು ರೈಲು ನಿಲ್ಲಬೇಕು, ನಿಂತ ರೈಲಿಗೆ ಸುಂಕದವರು ಹತ್ತಬೇಕು, ಅಷ್ಟರಲ್ಲಿ ವಿಮಾನದಲ್ಲಿ ಹೊರಟ ವ್ಯಾಪಾರಿ ತನ್ನ ಊರು ಸೇರಿರುತ್ತಿದ್ದ.

ಈ ಗಿರಾಕಿಗಳನ್ನು ಮರಳಿ ಸೆಳೆಯಲು ಡಚ್ ರೈಲ್ವೆಯ ಅಧ್ಯಕ್ಷರಾಗಿದ್ದ ಡೆನ್ ಹಾಲಂಡರ್ ಅವರು ಮುಂದಿಟ್ಟ ಯೋಜನೆಯೇ ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್. ಪ್ರಥಮ ದರ್ಜೆ ಮಾತ್ರ, ಗಂಟೆಗೆ 140 ಕಿಲೋಮೀಟರ್ ವೇಗ, ಚಲಿಸುವ ರೈಲಿನಲ್ಲೇ ಪಾಸ್‌ಪೋರ್ಟ್ ತಪಾಸಣೆ ಎಂಬ ಷರತ್ತುಗಳೊಂದಿಗೆ ಅದು 1957ರ ಜೂನ್ 2ರಂದು ಆರಂಭವಾಯಿತು. ಎಲ್ಲ ದೇಶಗಳಿಗೂ ಒಂದೇ ವಿನ್ಯಾಸದ ರೈಲಿರಲಿ ಎಂಬ ಅವರ ಆಸೆ ಮಾತ್ರ ಕೈಗೂಡಲಿಲ್ಲ. ವೋಲ್ಟೇಜಿನಲ್ಲಿ ಒಂದಾಗದವರು ವಿನ್ಯಾಸದಲ್ಲಿ ಒಂದಾಗುವುದುಂಟೇ? ಇಟಲಿ ಮತ್ತು ಫ್ರಾನ್ಸ್ ತಮ್ಮ ತಮ್ಮ ರೈಲುಗಳನ್ನು ತಂದವು, ಸ್ವಿಸ್ಸರು ಮತ್ತು ಡಚ್ಚರು ಜಂಟಿಯಾಗಿ ಒಂದನ್ನು ಕಟ್ಟಿಸಿದರು. ಕೆನೆ ಮತ್ತು ಕಡುಗೆಂಪಿನ ಬಣ್ಣವೊಂದೇ ಎಲ್ಲಕ್ಕೂ ಸಮಾನವಾಗಿ ಉಳಿಯಿತು.

ಇವುಗಳಲ್ಲಿ ಜರ್ಮನಿಯ ವಿಟಿ 11.5 ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಲುವಾದದ್ದು. ಮುಂದಕ್ಕೆ ಉಬ್ಬಿದ ದುಂಡು ಮೂತಿ, ಅದರ ಹಿಂದೆ ಎತ್ತರದಲ್ಲಿ ಚಾಲಕನ ಕೋಣೆ, ಎರಡು ತುದಿಗಳಲ್ಲೂ ತಲಾ 1,100 ಅಶ್ವಶಕ್ತಿಯ 12 ಸಿಲಿಂಡರಿನ ಎಂಜಿನ್, ನಡುವೆ ಹವಾನಿಯಂತ್ರಿತ ಬೋಗಿಗಳು, ಊಟದ ಬೋಗಿ, ಬಾರ್. ಅಡುಗೆಮನೆಗೂ ತಂಪುಗಾಳಿಗೂ ಬೇಕಾದ ವಿದ್ಯುತ್ತನ್ನು ಒದಗಿಸಲು ಬೇರೆಯೇ ಸಣ್ಣ ಡೀಸೆಲ್ ಎಂಜಿನ್‌ಗಳಿದ್ದವು.

ಡೀಸೆಲ್ ಎಂಜಿನ್ನನ್ನು ನೇರವಾಗಿ ಚಕ್ರಕ್ಕೆ ಜೋಡಿಸುವಂತಿಲ್ಲ. ರೈಲು ನಿಂತಿದ್ದಾಗಲೂ ಎಂಜಿನ್ ತಿರುಗುತ್ತಲೇ ಇರಬೇಕು, ಹೊರಡುವಾಗ ಚಕ್ರಕ್ಕೆ ಅಪಾರ ಬಲ ಸಿಗಬೇಕು. ಹಲವು ದೇಶಗಳು ಇದಕ್ಕಾಗಿ ನಡುವೆ ಜನರೇಟರ್ ಮತ್ತು ಮೋಟಾರುಗಳನ್ನು ಇಟ್ಟರೆ, ಜರ್ಮನ್ನರು ಎಣ್ಣೆಯನ್ನು ನೆಚ್ಚಿಕೊಂಡರು. ಮಜ್ಜಿಗೆಯ ಪಾತ್ರೆಯಲ್ಲಿ ಕಡೆಗೋಲನ್ನು ತಿರುಗಿಸಿದರೆ ಮಜ್ಜಿಗೆಯೂ ಸುತ್ತುತ್ತದೆ. ಅದೇ ಪಾತ್ರೆಗೆ ಇನ್ನೊಂದು ಕಡೆಗೋಲನ್ನು ಇಳಿಬಿಟ್ಟರೆ, ಯಾರೂ ಮುಟ್ಟದಿದ್ದರೂ ಅದು ನಿಧಾನವಾಗಿ ತಿರುಗತೊಡಗುತ್ತದೆ. ವಿಟಿ 11.5ರ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಎಂಜಿನ್ ಒಂದು ರೆಕ್ಕೆಚಕ್ರದಿಂದ ಎಣ್ಣೆಯನ್ನು ಚಿಮ್ಮಿಸುತ್ತದೆ, ಆ ಎಣ್ಣೆ ಇನ್ನೊಂದು ರೆಕ್ಕೆಚಕ್ರವನ್ನು ತಳ್ಳುತ್ತದೆ. ಇವೆರಡರ ನಡುವೆ ಕದಲದೆ ನಿಂತ ರೆಕ್ಕೆಗಳು ಎಣ್ಣೆಯ ದಿಕ್ಕನ್ನು ತಿರುಗಿಸುವುದರಿಂದ, ರೈಲು ಹೊರಡುವ ಗಳಿಗೆಯಲ್ಲಿ ತಿರುಗುಬಲ ಹೆಚ್ಚುತ್ತದೆ. ಭಾರವಾದ ಮೋಟಾರುಗಳಿಲ್ಲದ ಕಾರಣ ತೂಕವೂ ಉಳಿಯುತ್ತದೆ.

ಡಾರ್ಟ್ಮಂಡಿನಿಂದ ಪ್ಯಾರಿಸ್ಸಿಗೆ, ಹ್ಯಾಂಬರ್ಗಿನಿಂದ ಜ್ಯೂರಿಕ್ಕಿಗೆ ಈ ರೈಲುಗಳು ಎಂಜಿನ್ ಬದಲಿಸದೆ ಓಡಿದವು. ಆದರೆ 1961ರಲ್ಲೇ ಸ್ವಿಸ್ಸರು ನಾಲ್ಕು ಬಗೆಯ ವಿದ್ಯುತ್ತನ್ನೂ ಬಳಸಬಲ್ಲ ರೈಲನ್ನು ಹಳಿಗಿಳಿಸಿದರು. ಅಲ್ಲಿಗೆ ಐಷಾರಾಮಿ ಡೀಸೆಲ್ಲಿನ ಅಗತ್ಯವೇ ಕರಗಲಾರಂಭಿಸಿತು. ತಂತಿಗಳು ಒಂದಾಗಲಿಲ್ಲ, ಎಂಜಿನ್ನುಗಳೇ ಬಹುಭಾಷಿಗಳಾದವು.

ವಿಟಿ 11.5ಗಳು ಜರ್ಮನಿಯ ಒಳನಾಡಿನ ಸೇವೆಗೆ ಸರಿದವು. ನಾಲ್ಕು ಎಂಜಿನ್ ಬೋಗಿಗಳಿಗೆ ಡೀಸೆಲ್ ತೆಗೆದು, ಹೆಲಿಕಾಪ್ಟರ್ ಎಂಜಿನ್ನಿನ ವಂಶದ 2,200 ಅಶ್ವಶಕ್ತಿಯ ಗ್ಯಾಸ್ ಟರ್ಬೈನುಗಳನ್ನು ಕೂರಿಸಿದ್ದೂ ಆಯಿತು. ವೇಗವೇನೋ ಗಂಟೆಗೆ 200 ಕಿಲೋಮೀಟರಿಗೆ ಮುಟ್ಟಿತು. ಆದರೆ ಟರ್ಬೈನಿನ ದಾಹ ತೈಲ ಬಿಕ್ಕಟ್ಟಿನ ದಶಕಕ್ಕೆ ಹೊಂದುವಂಥದ್ದಾಗಿರಲಿಲ್ಲ. ಉಳಿದ ಡೀಸೆಲ್ ರೈಲುಗಳು 1980ರ ದಶಕದಲ್ಲಿ ರಜೆಯ ಪ್ರವಾಸಿಗರನ್ನು ಆಲ್ಪ್ಸ್ ಕಡೆಗೆ ಹೊತ್ತವು.

ಕೊನೆಯ ಕರೆ ಬಂದದ್ದು 1990ರ ಬೇಸಿಗೆಯಲ್ಲಿ, ಎರಡು ಜರ್ಮನಿಗಳು ಒಂದಾಗುವುದಕ್ಕೆ ಕೆಲವೇ ವಾರಗಳ ಮುನ್ನ. ಹ್ಯಾಂಬರ್ಗ್ ಮತ್ತು ಬರ್ಲಿನ್ ನಡುವೆ ವೇಗದ ರೈಲು ಬೇಕಿತ್ತು, ಆ ಮಾರ್ಗದ ಎಲ್ಲ ಕಡೆಗೂ ತಂತಿ ಇನ್ನೂ ಬಂದಿರಲಿಲ್ಲ. ಮ್ಯಾಕ್ಸ್ ಲೀಬರ್‌ಮನ್ ಎಂಬ ಹೆಸರಿನಲ್ಲಿ ಹಳೆಯ ವಿಟಿ 11.5 ಮತ್ತೊಮ್ಮೆ ಗಡಿ ದಾಟಿತು.