ಇಂಡಕ್ಷನ್ ಒಲೆಯೊಳಗಿನ ಸ್ವಿಚ್ಚು

ಇಂಡಕ್ಷನ್ ಒಲೆಯ ಗಾಜಿನ ಕೆಳಗೆ ಬೆಂಕಿ ಇಲ್ಲ. ಇರುವುದು ಚಪ್ಪಟೆಯಾಗಿ ಸುತ್ತಿದ ತಂತಿಯ ಸುರುಳಿ. ಅದರಲ್ಲಿ ಕರೆಂಟು ಏರಿಳಿದಂತೆ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಅದು ಪಾತ್ರೆಯ ತಳದಲ್ಲೇ ಕರೆಂಟು ಹುಟ್ಟಿಸುತ್ತದೆ, ತಳ ಕಾಯುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ನಿಯಮ ಇದು.

ಹಾಗಾದರೆ ಸುರುಳಿಯನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಜೋಡಿಸಬಹುದಲ್ವಾ? ಆಗುವುದಿಲ್ಲ. ಮನೆಯ ಕರೆಂಟಿನ ಆವರ್ತನೆ, ಅಂದರೆ ಅದು ಏರಿಳಿಯುವ ವೇಗ, ಸೆಕೆಂಡಿಗೆ ಬರೀ 50 ಸಲ. ಅಷ್ಟು ನಿಧಾನದ ಕರೆಂಟಿಗೆ ಆ ಸುರುಳಿ ತಡೆಯೇ ಅಲ್ಲ, ಫ್ಯೂಸು ಹಾರುತ್ತದೆ. ಬೇಕಾಗಿರುವುದು ಸೆಕೆಂಡಿಗೆ 20 ಸಾವಿರಕ್ಕಿಂತ ಜಾಸ್ತಿ. ಅದಕ್ಕಿಂತ ಕಡಿಮೆಯಾದರೆ ಒಲೆ ಕೀರಲು ದನಿ ಮಾಡುವುದು ನಮ್ಮ ಕಿವಿಗೂ ಕೇಳಿಸುತ್ತದೆ.

ಕರೆಂಟನ್ನು ಇಷ್ಟು ವೇಗವಾಗಿ ಏರಿಳಿಸುವ ಕೆಲಸ ಒಲೆಯೊಳಗಿನ ಇನ್ವರ್ಟರ್ ಎಂಬ ಸರ್ಕ್ಯೂಟಿನದು. ಮೊದಲು ಮನೆಗೆ ಬರುವ 230 ವೋಲ್ಟ್ ಎಸಿಯನ್ನು, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟನ್ನು, ಒಂದೇ ದಿಕ್ಕಿನ ಕರೆಂಟಾಗಿ ಬದಲಿಸುತ್ತಾರೆ. ಅದರ ಗರಿಷ್ಠ ಮಟ್ಟ ಸುಮಾರು 325 ವೋಲ್ಟ್. ಸುರುಳಿಗೆ ಸಮಾನಾಂತರವಾಗಿ ವಿದ್ಯುತ್ತನ್ನು ಕ್ಷಣಕಾಲ ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್, ಕೆಳಗೆ ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು. ಸಾಮಾನ್ಯ ಒಲೆಗಳಲ್ಲಿ ಅಂಥದ್ದು ಒಂದೇ ಇರುತ್ತದೆ. ಸ್ವಿಚ್ಚು ಆನ್ ಆದಾಗ ಸುರುಳಿಯಲ್ಲಿ ಕರೆಂಟು ಏರುತ್ತದೆ. ಆಫ್ ಮಾಡಿದರೂ ಅದು ತಟ್ಟನೆ ನಿಲ್ಲುವುದಿಲ್ಲ, ಕೆಪಾಸಿಟರಿಗೆ ನುಗ್ಗುತ್ತದೆ. ಆಗ ಸ್ವಿಚ್ಚಿನ ಮೇಲಿನ ವೋಲ್ಟೇಜು ಸಾವಿರದ ಹತ್ತಿರಕ್ಕೂ ಹೋಗಬಹುದು. ಅದಕ್ಕೇ 1200 ವೋಲ್ಟ್ ತಾಳುವ ಸ್ವಿಚ್ಚು ಹಾಕಿರುತ್ತಾರೆ. ಮರುಕ್ಷಣ ಕೆಪಾಸಿಟರ್ ಆ ಶಕ್ತಿಯನ್ನು ಸುರುಳಿಗೆ ವಾಪಸ್ ಕೊಡುತ್ತದೆ, ಸ್ವಿಚ್ಚಿನ ವೋಲ್ಟೇಜು ಸೊನ್ನೆಗೆ ಇಳಿಯುತ್ತದೆ. ಮತ್ತೆ ಆನ್ ಮಾಡಬೇಕಾದದ್ದು ಸರಿಯಾಗಿ ಆಗಲೇ. ಸ್ವಲ್ಪ ಅವಸರ ಮಾಡಿದರೂ ಉಳಿದ ವೋಲ್ಟೇಜಿನ ಶಕ್ತಿಯೆಲ್ಲ ಸ್ವಿಚ್ಚಿನೊಳಗೇ ಉರಿದು, ಕೊನೆಗೆ ಅದು ಸುಟ್ಟೇ ಹೋಗಬಹುದು. ಇಡೀ ಸರ್ಕ್ಯೂಟಿನಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಈ ಹೊತ್ತು ನೋಡುವ ಜಾಣ್ಮೆ.

ಐಜಿಬಿಟಿಯನ್ನು 1980ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದವರಲ್ಲಿ ಪ್ರಮುಖರು ಬಿ. ಜಯಂತ್ ಬಾಳಿಗಾ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. ನಮ್ಮವರೊಬ್ಬರ ಕೆಲಸ ಇಷ್ಟೊಂದು ಅಡುಗೆಮನೆಗಳಿಗೆ ತಲುಪಿದೆ ಎನ್ನುವುದು ನಮ್ಮ ಶಾಲಾಮಕ್ಕಳಿಗೆ ಗೊತ್ತಿರಬೇಕು.

ಇನ್ನು ಅಲ್ಯೂಮಿನಿಯಂ ಪಾತ್ರೆ ಏಕೆ ಕಾಯುವುದಿಲ್ಲ? ಇಷ್ಟು ವೇಗದ ಕರೆಂಟು ಲೋಹದ ಮೇಲ್ಪದರದಲ್ಲೇ ಹರಿಯುತ್ತದೆ. ಕಬ್ಬಿಣ ಕಾಂತೀಯವಾದ್ದರಿಂದ ಆ ಪದರ ತೀರಾ ತೆಳು, ತಡೆ ಜಾಸ್ತಿ, ಬಿಸಿಯೂ ಜಾಸ್ತಿ. ಅಲ್ಯೂಮಿನಿಯಂನಲ್ಲಿ ಪದರ ದಪ್ಪ, ತಡೆ ಅತ್ಯಲ್ಪ.

ಕಾರ್ಖಾನೆಗಳಲ್ಲಿ ಇದೇ ವಿಧಾನದಿಂದ ಕಬ್ಬಿಣವನ್ನು ಕರಗಿಸುವಾಗ ಅದರ ಕಾಂತಗುಣ ಬೇರೆ ಸವಾಲು ಒಡ್ಡುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣದ ಕಾಂತಗುಣ ಹೊರಟುಹೋಗುತ್ತದೆ. ಅದರಿಂದ ಸುರುಳಿ ಮತ್ತು ಕೆಪಾಸಿಟರ್ ಜೋಡಿಯ ಸಹಜ ಆವರ್ತನೆಯೂ ಬದಲಾಗುತ್ತದೆ. ಇನ್ವರ್ಟರು ಕಾಯಿಸುತ್ತಿರುವಾಗಲೇ ತನ್ನ ವೇಗವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾ ಹೋಗಬೇಕು.