ಲೂಪ್ ಕಲಿಯಲು 4725 ಸಾಕು

ಶಿರಸಿಯಲ್ಲಿ ಪಿಯುಸಿ ಮತ್ತು ಪದವಿ ತರಗತಿಯ ಮಕ್ಕಳಿಗೆ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಹೇಳಿಕೊಡುವ ನನ್ನ ಬಳಿ ಪ್ರತಿ ಮಳೆಗಾಲದಲ್ಲೂ ಬರುವ ದೂರು ಒಂದೇ: "ಸರ್, ಇಫ್ ತನಕ ಎಲ್ಲ ಅರ್ಥ ಆಗಿತ್ತು, ಲೂಪ್ ಬಂದ ಕೂಡಲೇ ತಲೆಗೆ ಹೋಗ್ತಾ ಇಲ್ಲ." ಈ ದೂರು ನಿಜವಾದದ್ದು. ಷರತ್ತು ನೋಡಿ ದಾರಿ ಆರಿಸುವ ಇಫ್ ತನಕದ ಪ್ರೋಗ್ರಾಂ ಅನ್ನು ಪುಸ್ತಕದ ಪುಟದ ಹಾಗೆ ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿದರೆ ಸಾಕಾಗುತ್ತದೆ. ಲೂಪಿನಲ್ಲಿ ಅದೇ ಸಾಲು ಮತ್ತೆ ಮತ್ತೆ ನಡೆಯುತ್ತದೆ, ಪ್ರತಿ ಸಲವೂ ಅದರೊಳಗಿನ ಬೆಲೆಗಳು ಬೇರೆಯಾಗಿರುತ್ತವೆ, ಆದರೆ ಕಣ್ಣಿಗೆ ಕಾಣುವ ಅಕ್ಷರಗಳು ಮಾತ್ರ ಬದಲಾಗುವುದಿಲ್ಲ. ಕಾಣದೇ ಇರುವ ಈ ಬದಲಾವಣೆಯನ್ನು ಕಾಣುವಂತೆ ಮಾಡದೆ ಲೂಪ್ ಕಲಿಸಲು ಸಾಧ್ಯವಿಲ್ಲ ಎಂಬುದು ನನ್ನ ಅನುಭವ.

ಅದಕ್ಕಾಗಿ ನಾನು ಮೊದಲ ವಾರ ಕಂಪ್ಯೂಟರ್ ಹಚ್ಚಲು ಬಿಡುವುದಿಲ್ಲ. ಜುಲೈ ತಿಂಗಳ ಗಾಳಿಮಳೆಗೆ ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಬೋರ್ಡಿನ ಮೇಲೆ 4725 ಎಂದು ಬರೆದು, ಇದರ ಅಂಕಿಗಳ ಮೊತ್ತ ಕಂಡುಹಿಡಿಯುವ ಪ್ರೋಗ್ರಾಮಿನ ಕೋಷ್ಟಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳುತ್ತೇನೆ. ಸುತ್ತಿಗೊಂದು ಸಾಲು, ಸಂಖ್ಯೆ, ಕೊನೆಯ ಅಂಕಿ, ಮೊತ್ತ ಎಂದು ಮೂರು ಕಲಂ. ಸಂಖ್ಯೆಯನ್ನು 10ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಕೊನೆಯ ಅಂಕಿ, ಬರುವ ಭಾಗಲಬ್ಧವೇ ಮುಂದಿನ ಸುತ್ತಿನ ಸಂಖ್ಯೆ. ಮೊದಲ ಸುತ್ತಿನಲ್ಲಿ 4725ರಿಂದ 5 ಕಳಚಿ ಮೊತ್ತ 5 ಆಗುತ್ತದೆ. ಎರಡನೆಯದರಲ್ಲಿ 472ರಿಂದ 2 ಕಳಚಿ ಮೊತ್ತ 7. ಮೂರನೆಯದರಲ್ಲಿ 47ರಿಂದ 7 ಕಳಚಿ 14. ನಾಲ್ಕನೆಯದರಲ್ಲಿ ಉಳಿದ 4 ಸೇರಿ 18. ಆಮೇಲೆ ಸಂಖ್ಯೆ 0 ಆಗುವುದರಿಂದ "ಸಂಖ್ಯೆ 0ಗಿಂತ ದೊಡ್ಡದಿರುವ ತನಕ ಸುತ್ತು" ಎನ್ನುವ ವೈಲ್ ಲೂಪಿನ ಷರತ್ತು ಸುಳ್ಳಾಗಿ ಸುತ್ತು ನಿಲ್ಲುತ್ತದೆ.

ಈ ನಾಲ್ಕು ಸಾಲನ್ನು ಕೈಯಾರೆ ಬರೆದವರಿಗೆ ಮುಂದೆ ಆಗುವ ತಪ್ಪುಗಳು ತಾವಾಗಿಯೇ ಗೊತ್ತಾಗುತ್ತವೆ. ಮೊತ್ತವನ್ನು ಸೊನ್ನೆ ಮಾಡುವ ಸಾಲನ್ನು ಲೂಪಿನ ಹೊರಗೆ ಇಡುವ ಬದಲು ಒಳಗೆ ಇಟ್ಟರೆ ಪ್ರತಿ ಸುತ್ತಿನಲ್ಲೂ ಹಿಂದಿನ ಗಳಿಕೆ ಅಳಿಸಿಹೋಗಿ ಕೊನೆಗೆ 4 ಎಂಬ ಉತ್ತರ ಬರುತ್ತದೆ. 10ರಿಂದ ಭಾಗಿಸುವ ಸಾಲನ್ನೇ ಬರೆಯಲು ಮರೆತರೆ ಸಂಖ್ಯೆ 4725 ಆಗಿಯೇ ಉಳಿದು ಸುತ್ತು ಮುಗಿಯುವುದೇ ಇಲ್ಲ. ಇನ್ನು ಸಂಖ್ಯೆಯನ್ನು ತಿರುಗಿಸಿ ಮೂಲದೊಂದಿಗೆ ಹೋಲಿಸುವ ಲೆಕ್ಕದಲ್ಲಿ, ಲೂಪ್ ಮುಗಿಯುವ ಹೊತ್ತಿಗೆ ಮೂಲ ಸಂಖ್ಯೆ ಸವೆದು 0 ಆಗಿರುತ್ತದೆಯಾದ್ದರಿಂದ ಅದರ ಒಂದು ಪ್ರತಿಯನ್ನು ಮೊದಲೇ ತೆಗೆದಿಡಬೇಕು.

ಕಳೆದ ವರ್ಷ ಸಿದ್ದಾಪುರ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಇದೇ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದಾಗ ಉತ್ತರ 18ರ ಬದಲು ಹೆಚ್ಚುಕಡಿಮೆ 20 ಬಂದಿತ್ತು. ಅವಳು ಕಾಲೇಜಿನಲ್ಲಿ ಮೊದಲು ಸಿ ಭಾಷೆ ಕಲಿತವಳು. ಸಿ ಭಾಷೆಯಲ್ಲಿ ಎರಡು ಪೂರ್ಣಾಂಕಗಳ ನಡುವೆ ಒಂದು ಓರೆಗೆರೆ ಹಾಕಿದರೆ ಪೂರ್ಣಾಂಕವೇ ಬರುತ್ತದೆ, 4725 / 10 ಎಂದರೆ 472. 2008ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಪೈಥಾನ್ 3ರಿಂದ ಈಚೆಗೆ ಪೈಥಾನಿನಲ್ಲಿ ಅದೇ ಗುರುತು ದಶಮಾಂಶ ಸಹಿತ 472.5 ಕೊಡುತ್ತದೆ, ಪೂರ್ಣಾಂಕ ಬೇಕಾದರೆ ಎರಡು ಓರೆಗೆರೆ ಹಾಕಿ 4725 // 10 ಎಂದು ಬರೆಯಬೇಕು. ನಾನು ಎಲ್ಲಿ ತಪ್ಪಾಗಿದೆ ಎಂದು ತೋರಿಸದೆ, ಅವಳ ಕೈಯಲ್ಲೇ ಕೋಷ್ಟಕ ಬರೆಸಿದೆ. ಶೇಷದ ಕಲಂನಲ್ಲಿ 5, ಆಮೇಲೆ 2.5, ಆಮೇಲೆ 7.25, ಆಮೇಲೆ 4.725, ಆಮೇಲೆ 0.4725 ಎಂದು ಬರುತ್ತಾ ಹೋಯಿತು. ಐದನೆಯ ಸಾಲಿನಲ್ಲಿ ಅವಳು ಪೆನ್ನು ನಿಲ್ಲಿಸಿ, "ಸರ್, ಇದು ಸೊನ್ನೆ ಆಗೋದೇ ಇಲ್ವಲ್ಲ" ಎಂದಳು. ಯಂತ್ರದೊಳಗೆ ಅದು ಎಂದೋ ಒಮ್ಮೆ ಸೊನ್ನೆಯಾಗುತ್ತದೆ, ಏಕೆಂದರೆ ದಶಮಾಂಶ ಸಂಖ್ಯೆಯನ್ನು ಇಡಲು ಅಲ್ಲಿರುವ ಜಾಗಕ್ಕೆ ಮಿತಿಯಿದೆ. ಆದರೆ ಆ ಹೊತ್ತಿಗೆ ನಾಲ್ಕು ಸುತ್ತಿನಲ್ಲಿ ಮುಗಿಯಬೇಕಾದ ಕೆಲಸ 300ಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ. ದೋಷದ ಸಂದೇಶವಿಲ್ಲ, ಉತ್ತರವೂ ನಂಬುವಂತೆಯೇ ಇದೆ. ಆರಂಭಿಕರಿಗೆ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ, ಹಾಗಾಗಿ ಉತ್ತರ ಮೊದಲೇ ಗೊತ್ತಿರುವ ಸಂಖ್ಯೆಯಿಂದಲೇ ಪರೀಕ್ಷೆ ಆರಂಭಿಸಬೇಕೆಂದು ನಾನು ಹಟ ಹಿಡಿಯುತ್ತೇನೆ.

ಒಂದು ಹೆಚ್ಚು ಅಥವಾ ಒಂದು ಕಡಿಮೆಯಾಗುವ ತಪ್ಪನ್ನು ವಿವರಿಸಲು ನಮ್ಮ ಕಡೆಯ ಮಕ್ಕಳಿಗೆ ಅಡಿಕೆ ತೋಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 90 ಅಡಿ ಉದ್ದದ ಸಾಲಿನಲ್ಲಿ ಎರಡೂ ತುದಿ ಸೇರಿಸಿ 9 ಅಡಿಗೊಂದು ಸಸಿ ನೆಟ್ಟರೆ ಎಷ್ಟು ಸಸಿ ಬೇಕು ಎಂದು ಕೇಳಿದರೆ ಅರ್ಧ ತರಗತಿ 10 ಎನ್ನುತ್ತದೆ, ತೋಟದಲ್ಲಿ ಕೆಲಸ ಮಾಡಿದವರು 11 ಎನ್ನುತ್ತಾರೆ. ಅಂತರ 10, ಸಸಿ 11. ಸಂಖ್ಯೆಗಳ ಸಾಲನ್ನು ಕೊಡುವ ಪೈಥಾನಿನ ರೇಂಜ್ ಕೊನೆಯ ಸಂಖ್ಯೆಯನ್ನು ಒಳಗೊಳ್ಳುವುದಿಲ್ಲವಾದ್ದರಿಂದ 0ಯಿಂದ 90ರ ತನಕ 9ರ ಹೆಜ್ಜೆಯಲ್ಲಿ ಎಂದು ಕೊಟ್ಟರೆ 81ಕ್ಕೇ ನಿಂತು ಕೊನೆಯ ಸಸಿ ತಪ್ಪಿಹೋಗುತ್ತದೆ; 91 ಎಂದು ಕೊಟ್ಟಾಗ ಮಾತ್ರ ಹನ್ನೊಂದೂ ಸಿಗುತ್ತವೆ.

ತೂಕ ಮತ್ತು ದುಡ್ಡಿನ ಲೆಕ್ಕದಲ್ಲಿ ಎರಡು ಸಂಗತಿ ಹೇಳಲೇಬೇಕು. ಕೀಲಿಮಣೆಯಿಂದ ಒಳಬರುವುದೆಲ್ಲ ಪೈಥಾನಿಗೆ ಅಕ್ಷರಗಳ ಸರಣಿ ಮಾತ್ರ. 38 ಕಿಲೋ ಮತ್ತು 42 ಕಿಲೋದ ಎರಡು ಚೀಲಗಳ ತೂಕವನ್ನು ಹಾಗೆಯೇ ಕೂಡಿಸಿದರೆ 80ರ ಬದಲು 3842 ಎಂಬ ಸರಣಿ ಬರುತ್ತದೆ, ಮೊದಲು ಇಂಟ್ ಬಳಸಿ ಪೂರ್ಣಾಂಕ ಮಾಡಿಕೊಳ್ಳಬೇಕು. ಈ ಇಂಟ್ ಕನ್ನಡ ಅಂಕಿಗಳನ್ನೂ ಓದುತ್ತದೆ: "೪೫" ಎಂದು ಕೊಟ್ಟರೂ 45 ಎಂದೇ ತೆಗೆದುಕೊಳ್ಳುತ್ತದೆ. ಇದನ್ನು ಮೊದಲ ಸಲ ಕಂಡಾಗ ನನ್ನ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಸಂತೋಷ ನನಗೂ ಬೇಕಾದದ್ದು.

ಎರಡನೆಯದು ಪೈಸೆಯ ವಿಚಾರ. ಮೊತ್ತವನ್ನು 0ಯಿಂದ ಆರಂಭಿಸಿ ಅದಕ್ಕೆ 0.1 ಅನ್ನು ಹತ್ತು ಸಲ ಕೂಡಿಸಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಮೂರರಲ್ಲೊಂದು ಭಾಗವನ್ನು ದಶಮಾಂಶದಲ್ಲಿ 0.333 ಎಂದು ಎಷ್ಟು ಬರೆದರೂ ಮುಗಿಯದ ಹಾಗೆ, ಹತ್ತರಲ್ಲೊಂದು ಭಾಗ 0 ಮತ್ತು 1 ಮಾತ್ರ ಬಳಸುವ ಯಂತ್ರದ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆದ್ದರಿಂದ ಮೊತ್ತ 1ಕ್ಕೆ ಸಮವಾಗುವ ತನಕ ಸುತ್ತು ಎಂದು ಷರತ್ತು ಬರೆದರೆ ಆ ಲೂಪ್ 1ನ್ನು ದಾಟಿ ಮುಂದೆ ಹೋಗಿ ನಿಲ್ಲುವುದೇ ಇಲ್ಲ. ರೂಪಾಯಿಯನ್ನು ಪೈಸೆಯಾಗಿಯೂ ಕಿಲೋವನ್ನು ಗ್ರಾಂ ಆಗಿಯೂ ಪೂರ್ಣಾಂಕದಲ್ಲೇ ಇಟ್ಟುಕೊಂಡು, ಕೊನೆಗೆ ತೋರಿಸುವಾಗ ಮಾತ್ರ ಭಾಗಿಸುವುದು ಸರಿಯಾದ ಕ್ರಮ.

ಇಷ್ಟಾದ ಮೇಲೆ 4725ಕ್ಕೆ ಮರಳುತ್ತೇನೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು 1949ರಲ್ಲಿ ಕಂಡುಕೊಂಡ ಆಟ ಇದು. ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಇಳಿಕೆಯ ಮತ್ತು ಏರಿಕೆಯ ಕ್ರಮದಲ್ಲಿ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆದು, ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಬೇಕು. ಎಲ್ಲ ಅಂಕಿಗಳೂ ಒಂದೇ ಆಗಿರದಿದ್ದರೆ ಹೆಚ್ಚೆಂದರೆ ಏಳು ಸುತ್ತಿನೊಳಗೆ 6174 ಬಂದೇ ಬರುತ್ತದೆ, ಬಂದ ಮೇಲೆ ಅಲ್ಲಿಯೇ ನಿಲ್ಲುತ್ತದೆ. 4725ರ ಅಂಕಿಗಳನ್ನು ಹೀಗೆ ಜೋಡಿಸಿ 7542ರಿಂದ 2457 ಕಳೆದರೆ 5085. ಅಲ್ಲಿಂದ 7992, 7173, 6354, 3087, 8352, ಏಳನೆಯದಾಗಿ 6174. ಅಂಕಿ ಕಳಚುವುದು, ಜೋಡಿಸುವುದು, ಷರತ್ತು, ಎಣಿಕೆ ಎಲ್ಲವೂ ಒಂದೇ ಪ್ರೋಗ್ರಾಮಿನಲ್ಲಿ ಬರುವುದರಿಂದ, ನಕ್ಷತ್ರದ ಚಿಹ್ನೆಗಳಿಂದ ತ್ರಿಕೋನ ಬರೆಯಿಸುವ ವಾಡಿಕೆಯ ಅಭ್ಯಾಸಕ್ಕಿಂತ ಇದನ್ನೇ ನಾನು ಮೇಲೆಂದು ತಿಳಿಯುತ್ತೇನೆ.

4725ಕ್ಕೆ ಸರಿಯಾಗಿ ನಡೆದ ಪ್ರೋಗ್ರಾಮಿಗೆ ಮರುದಿನ 2111 ಕೊಡಿಸುತ್ತೇನೆ. 2111ರಿಂದ 1112 ಕಳೆದರೆ 999. ಹೆಚ್ಚಿನವರ ಪ್ರೋಗ್ರಾಂ ಇದನ್ನು ಮೂರಂಕಿಯ ಸಂಖ್ಯೆಯೆಂದೇ ಹಿಡಿದು 999ರಿಂದ 999 ಕಳೆದು 0 ಪಡೆದು, 6174ಕ್ಕಾಗಿ ಕಾಯುತ್ತಾ ಅಲ್ಲಿಯೇ ಸುತ್ತುತ್ತಿರುತ್ತದೆ. ಎಡತುದಿಯ ಸೊನ್ನೆಯನ್ನು ಉಳಿಸಿಕೊಂಡು 0999 ಎಂದು ನೋಡಿದರೆ 9990ರಿಂದ 0999 ಕಳೆದು 8991 ಬರುತ್ತದೆ, ಆಟ ಮುಂದುವರಿಯುತ್ತದೆ. ಸುತ್ತುಗಳನ್ನು ಎಣಿಸುವ ಒಂದು ಬೆಲೆಯನ್ನು ಇಟ್ಟುಕೊಂಡು, ಅದು 7 ದಾಟಿದ ಕೂಡಲೇ ಲೂಪ್ ನಿಲ್ಲಿಸಿ ಆಗಿನ ಸಂಖ್ಯೆಯನ್ನು ಮುದ್ರಿಸುವಂತೆ ಬರೆದವರಿಗೆ ಪರದೆಯ ಮೇಲೆ 0 ಕಾಣಿಸುತ್ತದೆ, ಅಲ್ಲಿಂದ ಅವರು ಕೋಷ್ಟಕದ ಸಾಲುಗಳಲ್ಲಿ ಹಿಂದಕ್ಕೆ ಹೋಗಿ 999ರ ಬಳಿ ಬೆರಳಿಡುತ್ತಾರೆ.