ಓದುಗರ ಪ್ರಶ್ನೆ: ಬ್ರಿಟನ್ನಿನ ಕೆಲಸದ ಅರ್ಜಿಯಲ್ಲಿ ಧರ್ಮ, ಜನಾಂಗ ಯಾಕೆ ಕೇಳುತ್ತಾರೆ?

ಪ್ರಶ್ನೆ: ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯೊಂದರ ನರ್ಸ್ ಕೆಲಸಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ತುಂಬುತ್ತಿದ್ದೇನೆ. ಓದು, ಅನುಭವ ಎಲ್ಲ ಮುಗಿದ ಮೇಲೆ ಜನಾಂಗ, ಧರ್ಮ, ಅಂಗವೈಕಲ್ಯ, ಕೊನೆಗೆ ಲೈಂಗಿಕ ಒಲವನ್ನೂ ಕೇಳಿದ್ದಾರೆ. ಇದೆಲ್ಲ ಇವರಿಗೆ ಯಾಕೆ ಬೇಕು? ನಿಜ ಬರೆದರೆ ಕೆಲಸ ಕೈತಪ್ಪುತ್ತಾ?

ಉತ್ತರ: ಹೆದರಬೇಡಿ, ತುಂಬಿ. ಇದ್ದದ್ದನ್ನೇ ತುಂಬಿ.

ಈ ಕಾಲಂ ನೋಡಿದ ತಕ್ಷಣ ನಮ್ಮವರಿಗೆ ಮೀಸಲಾತಿ ನೆನಪಾಗುತ್ತೆ. ನಮ್ಮಲ್ಲಿ ಅರ್ಜಿಯಲ್ಲಿ ಪ್ರವರ್ಗ ಬರೆದರೆ ಜೊತೆಗೆ ಜಾತಿ ಪ್ರಮಾಣಪತ್ರ ಇಡಬೇಕು, ಹುದ್ದೆ ಯಾರಿಗೆ ಅನ್ನುವುದು ಅದರ ಮೇಲೂ ನಿಂತಿರುತ್ತದೆ. ಅಲ್ಲಿ ಅಂಥ ಕೋಟಾ ಇಲ್ಲ. ಪ್ರಮಾಣಪತ್ರವನ್ನೂ ಯಾರೂ ಕೇಳುವುದಿಲ್ಲ, ನೀವು ಹೇಳಿದ್ದೇ ಲೆಕ್ಕ. ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಅರ್ಜಿಯಲ್ಲಿ ಶಾರ್ಟ್‌ಲಿಸ್ಟ್ ಮಾಡುವವರ ಕಣ್ಣಿಗೆ ಈ ಭಾಗ ಬೀಳುವುದಿಲ್ಲ. ಅವರು ನೋಡುವುದು ನಿಮ್ಮ ಓದು, ಅನುಭವ, ಬರೆದ ಉತ್ತರಗಳನ್ನು. ಬ್ರಿಟನ್ನಿನ ಮಾಹಿತಿ ರಕ್ಷಣೆ ಕಾನೂನಿನಲ್ಲೂ ಜನಾಂಗ, ಧರ್ಮ, ಆರೋಗ್ಯ, ಲೈಂಗಿಕ ಒಲವಿನ ವಿವರಗಳಿಗೆ ಹೆಚ್ಚಿನ ಕಾವಲಿದೆ.

ಹಾಗಾದರೆ ಕೇಳುವುದು ಯಾಕೆ? 2010ರ ಸಮಾನತೆ ಕಾಯ್ದೆ ವಯಸ್ಸು, ಲಿಂಗ, ಜನಾಂಗ, ಧರ್ಮ, ಅಂಗವೈಕಲ್ಯ ಸೇರಿ ಒಂಬತ್ತು ವಿಚಾರಗಳಲ್ಲಿ ಭೇದಭಾವ ಮಾಡಬಾರದು ಎನ್ನುತ್ತದೆ. ಸರ್ಕಾರಿ ಸಂಸ್ಥೆಗಳ ಮೇಲೆ ಇನ್ನೂ ಒಂದು ಹೊಣೆ ಇದೆ: ಭೇದಭಾವ ಮಾಡದಿದ್ದರೆ ಸಾಲದು, ಸಮಾನ ಅವಕಾಶ ಸಿಗುವಂತೆ ನೋಡಿಕೊಳ್ಳಲೂಬೇಕು. ಸಿಗುತ್ತಿದೆಯೋ ಇಲ್ಲವೋ ಅಂತ ಎಣಿಸದೆ ಗೊತ್ತಾಗುವುದು ಹೇಗೆ?

ಎನ್‌ಎಚ್‌ಎಸ್ ಇಂಗ್ಲೆಂಡ್ 2015ರಿಂದ ಜನಾಂಗದ ಲೆಕ್ಕವನ್ನು ವರ್ಷವರ್ಷ ಮಾಡುತ್ತಿದೆ. ಅದರಲ್ಲಿ ಒಂದು ಅಳತೆ ಹೀಗಿದೆ. ಶಾರ್ಟ್‌ಲಿಸ್ಟ್ ಆದ ನೂರು ಬಿಳಿಯರಲ್ಲಿ ಮೂವತ್ತು ಜನಕ್ಕೆ ಕೆಲಸ ಸಿಕ್ಕಿತು ಅಂದುಕೊಳ್ಳಿ. ಶಾರ್ಟ್‌ಲಿಸ್ಟ್ ಆದ ನೂರು ಕಪ್ಪು, ಏಷ್ಯನ್ ಮತ್ತಿತರ ಜನರಲ್ಲಿ ಇಪ್ಪತ್ತಕ್ಕೆ ಮಾತ್ರ ಸಿಕ್ಕಿತು. ಅಂದರೆ ಬಿಳಿಯರಿಗೆ ಕೆಲಸ ಸಿಗುವ ಸಾಧ್ಯತೆ ಒಂದೂವರೆ ಪಟ್ಟು. ಈ ನೂರು, ಮೂವತ್ತು, ಇಪ್ಪತ್ತು ನಾನು ಲೆಕ್ಕ ಬಿಡಿಸಲು ಇಟ್ಟದ್ದು. ಆದರೆ ಆ ‘ಒಂದೂವರೆ ಪಟ್ಟು’ ನಿಜ. ಎನ್‌ಎಚ್‌ಎಸ್ ವರದಿಗಳಲ್ಲಿ ಹಲವು ವರ್ಷ ಹೆಚ್ಚುಕಡಿಮೆ ಅದೇ ಅಂಕಿ ಬಂದಿದೆ.

ಗಮನಿಸಿ, ಇವರೆಲ್ಲ ಅರ್ಹತೆ ಇದ್ದೇ ಇಂಟರ್‌ವ್ಯೂವರೆಗೆ ಬಂದವರು. ಇಂಟರ್‌ವ್ಯೂನಲ್ಲಿ ಸೋತ ಒಬ್ಬೊಬ್ಬರೂ ‘ನನ್ನ ಇಂಗ್ಲಿಷ್ ಸಾಲದಾಯಿತೇನೋ’ ಅಂತ ತಮ್ಮನ್ನೇ ಬೈದುಕೊಂಡು ಸುಮ್ಮನಾಗುತ್ತಾರೆ. ಸಾವಿರಾರು ಜನರ ಟಿಕ್ ಒಟ್ಟು ಸೇರಿದಾಗಲೇ ತೊಡಕು ಆಯ್ಕೆ ಸಮಿತಿಯ ಕಡೆ ಇರಬಹುದು ಅಂತ ಕಾಣುವುದು. ಅದಕ್ಕೇ ಈ ಕಾಲಂ ಖಾಲಿ ಬಿಡಬೇಡಿ ಅಂತ ನಾನು ಒತ್ತಿ ಹೇಳುವುದು. ‘ಹೇಳಲು ಇಷ್ಟವಿಲ್ಲ’ ಅನ್ನುವ ಆಯ್ಕೆ ಇದ್ದೇ ಇದೆ, ಅದು ನಿಮ್ಮ ಹಕ್ಕು. ಲೈಂಗಿಕ ಒಲವಿನಂಥ ವಿಷಯಕ್ಕೆ ಅದನ್ನು ಒತ್ತಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಜನಾಂಗದ ಪಟ್ಟಿಯಲ್ಲಿ ‘ಏಷ್ಯನ್ ಅಥವಾ ಏಷ್ಯನ್ ಬ್ರಿಟಿಷ್ – ಇಂಡಿಯನ್’ ಅಂತ ಇರುತ್ತದೆ. ಕೇಳುತ್ತಿರುವುದು ಪಾಸ್‌ಪೋರ್ಟ್ ಅಲ್ಲ, ಮೂಲ. ಧರ್ಮದಲ್ಲಿ ಜೈನರಿಗೆ ಬೇರೆ ಹೆಸರಿದೆ. ಲಿಂಗಾಯತ ಅಂತಲೇ ಗುರುತಿಸಿಕೊಳ್ಳಬೇಕು ಅನ್ನುವವರು ‘ಇತರೆ’ ಆರಿಸಿಕೊಳ್ಳಬಹುದು.

ಅಂಗವೈಕಲ್ಯದ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಿ. ಇಲ್ಲಿ ಟಿಕ್ ಹಾಕಿದ ಮಾತ್ರಕ್ಕೆ ಇಂಟರ್‌ವ್ಯೂ ಮಾಡುವವರಿಗೆ ವಿಷಯ ತಲುಪುವುದಿಲ್ಲ. ಕಿವಿ ಮಂದವಿದ್ದು ಎದುರು ಕೂತೇ ಮಾತಾಡಬೇಕು, ಅಥವಾ ಲಿಖಿತ ಪರೀಕ್ಷೆಗೆ ಜಾಸ್ತಿ ಸಮಯ ಬೇಕು ಅಂತಿದ್ದರೆ ಅದನ್ನು ಬೇರೆಯಾಗಿ ಬರೆದು ಕೇಳಬೇಕು. ಕೇಳಿದ್ದು ಸಮಂಜಸವಾಗಿದ್ದರೆ ಕೊಡುವುದು ಅವರ ಕರ್ತವ್ಯ. ಹೀಗೆ ಅನುಕೂಲ ಮಾಡಿಕೊಡಲಿಕ್ಕೆ, ಎಣಿಕೆಗೆ, ಇನ್ನು ಕೆಲವು ನಿರ್ದಿಷ್ಟ ಕಾರಣಗಳಿಗೆ ಬಿಟ್ಟರೆ, ಕೆಲಸ ಕೊಡುತ್ತೇವೆ ಅನ್ನುವ ಮೊದಲು ಆರೋಗ್ಯದ ಬಗ್ಗೆ ಕೆದಕುವಂತಿಲ್ಲ.

ಬೆಲ್‌ಫಾಸ್ಟ್ ಕಡೆ ಹೊರಟವರಿಗೆ ಬೇರೆಯೇ ಫಾರ್ಮ್ ಸಿಗುತ್ತದೆ. ಉತ್ತರ ಐರ್ಲೆಂಡಿನಲ್ಲಿ ಕೆಲಸದ ವಿಷಯಕ್ಕೂ ಪ್ರಾಟೆಸ್ಟೆಂಟ್–ಕ್ಯಾಥೊಲಿಕ್ ಜಗಳ ಹಳೆಯದು. ಹಾಗಾಗಿ 1989ರ ಕಾನೂನಿನಿಂದ ಅಲ್ಲಿ ಈ ಎಣಿಕೆ ಕಡ್ಡಾಯ. ಹತ್ತಕ್ಕಿಂತ ಹೆಚ್ಚು ಪೂರ್ಣಾವಧಿ ಕೆಲಸಗಾರರಿರುವ ಖಾಸಗಿ ಕಂಪನಿಯೂ ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ನೀವು ಯಾವ ಸಮುದಾಯದ ಹಿನ್ನೆಲೆಯವರು ಅನ್ನುವುದೇ ಪ್ರಶ್ನೆ. ಉತ್ತರ ಬಿಟ್ಟರೆ, ಓದಿದ ಶಾಲೆಯಂಥ ಸುಳಿವು ನೋಡಿ ಅವರೇ ಗುರುತಿಸಬಹುದು. ಬೇಕೆಂದೇ ಸುಳ್ಳು ಹೇಳಿದರೆ ಅದು ಅಪರಾಧ. ನಮ್ಮ ಕಡೆಯ ಹಿಂದೂ, ಮುಸ್ಲಿಂ ನರ್ಸ್‌ಗಳು ‘ಎರಡೂ ಅಲ್ಲ’ ಅಂತ ಟಿಕ್ ಹಾಕಿದರೆ ಆಯಿತು.

ಜಾತಿಯನ್ನು ಎಲ್ಲಾದರೂ ಕೇಳುತ್ತಾರಾ? ಸಾಮಾನ್ಯವಾಗಿ ಇಲ್ಲ. ಜಾತಿಯನ್ನೂ ಸಮಾನತೆ ಕಾಯ್ದೆಗೆ ಸೇರಿಸಲು 2013ರಲ್ಲಿ ಸಂಸತ್ತು ದಾರಿ ಮಾಡಿತ್ತು, 2018ರಲ್ಲಿ ಸರ್ಕಾರ ಬೇಡ ಎಂದಿತು. 2014ರ ಮೇಲ್ಮನವಿ ತೀರ್ಪೊಂದು, ಹುಟ್ಟಿನ ಮೂಲಕ್ಕೆ ನಂಟಿರುವ ಕಡೆ ಜಾತಿಯೂ ‘ಜನಾಂಗ’ದೊಳಗೆ ಬರಬಹುದು ಎಂದಿದೆ. ಆದ್ದರಿಂದ ವಾರ್ಡಿನಲ್ಲಿ ನಮ್ಮವರೇ ಯಾರಾದರೂ ಜಾತಿ ಎತ್ತಿ ಕಾಡಿದರೆ ದೂರು ಕೊಡಲು ದಾರಿ ಇದೆ. ಆದರೆ ಇಂಥದ್ದು ಎಷ್ಟು ನಡೆಯುತ್ತಿದೆ ಅನ್ನುವುದು ಈ ಫಾರ್ಮ್‌ಗಳಿಂದ ಹೊರಬರುವುದಿಲ್ಲ, ಅದಕ್ಕೆ ಕಾಲಂ ಇಲ್ಲವಲ್ಲ. ಅದು ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.